ಬಿ ಬ್ಲಾಕ್ 91 (ಹಳೇ ಗೆಳೆಯರ ಚಾಟ್ ಗ್ರೂಪ್): ಶ್ರುತಿ ಇಳಿಸಿದ ಜಗಳ

ಮಂಜ: (ವಿಡಿಯೊ) ಲೆಡ್ ಝೆಪ್ಲಿನ್ ರಾಕ್ ತಂಡ, ಲಂಡನ್ನಿನ ಓ2 ಅರೀನಾ, 10 ಡಿಸೆಂಬರ್ 2007. ಹಾಡು 'ಕಾಶ್ಮೀರ್'. ಹೆಡ್‌ಫೋನ್ ಹಾಕ್ಕೊಂಡು ಕೇಳ್ರೋ, ಮೈ ಜುಮ್ ಅನ್ನುತ್ತೆ.

ಪ್ರಕಾಶ (ಅಡ್ಮಿನ್): 180 ಎಂಬಿ! ಲಿಂಕ್ ಹಾಕೋಕೆ ನಿನಗೇನೋ ರೋಗ?

ಶೆಟ್ಟಿ: ಇದು ಝೆಪ್ಲಿನ್ ಅಲ್ಲ ಮಾರಾಯ. ಡ್ರಮ್ಮಿಗೆ ಕೂತದ್ದು ಅವರ ಹಳೇ ಡ್ರಮ್ಮರ್ ಜಾನ್ ಬೋನಮ್ಮಾ? ಅವ 1980ರ ಸೆಪ್ಟೆಂಬರಲ್ಲೇ ತೀರಿಹೋದ. ಡಿಸೆಂಬರಲ್ಲಿ ಇವರೇ ಅಂಗಡಿ ಮುಚ್ಚಿದ್ದೇವೆ ಅಂತ ಹೇಳಿಕೆ ಕೊಟ್ಟದ್ದು. ಮತ್ತೆ ಇದೆಂತ?

ಮಂಜ: ಕೂತಿರೋದು ಮಗ ಜೇಸನ್. 2 ಕೋಟಿ ಜನ ಟಿಕೆಟ್‌ಗೆ ಅರ್ಜಿ ಹಾಕಿದ್ರು ಅಂತ ಗಿನ್ನೆಸ್‌ನವರೇ ಬರ್ಕೊಂಡಿದ್ದಾರೆ. ಅವರೆಲ್ಲ ದಡ್ಡರು, ನೀನೊಬ್ಬ ಜಾಣ.

ಶೆಟ್ಟಿ: ಅರ್ಜಿ ಹಾಕಿದವರು ಕೇಳಿದವರಲ್ಲ.

ವೀಣಾ: 1985ರ ಲೈವ್ ಏಡ್ ಸಹಾಯಾರ್ಥ ಕಾರ್ಯಕ್ರಮದಲ್ಲಿ ಇವರು ಮತ್ತೆ ಸೇರಿದ್ದು ನೆನಪಿದೆಯಾ? ಫಿಲಡೆಲ್ಫಿಯಾ, ಡ್ರಮ್ಮಿಗೆ ಫಿಲ್ ಕಾಲಿನ್ಸ್ ಒಂದು ಕಡೆ, ಟೋನಿ ಥಾಂಪ್ಸನ್ ಇನ್ನೊಂದು ಕಡೆ, ತಾಲೀಮೇ ಇಲ್ಲ. ಎಷ್ಟು ಕೆಟ್ಟದಾಗಿತ್ತು ಅಂದ್ರೆ ಡಿವಿಡಿಗೆ ಹಾಕೋಕೆ ಅವರೇ ಒಪ್ಪಲಿಲ್ಲ. ನಾಚಿಕೆ ಅನ್ನೋದು ಇದ್ದವರು ಅವರು. ಇದನ್ನ ಹೊರಗೆ ಬಿಟ್ಟಿದ್ದಾರೆ ಅಂದ್ರೆ ಅರ್ಥ ಮಾಡ್ಕೋ.

ಶೆಟ್ಟಿ: ಬಿಟ್ಟದ್ದು ಯಾವಾಗ? 2012ರಲ್ಲಿ. 5 ವರ್ಷ ತೇಪೆ ಹಾಕಿರಬೇಕು. ಮತ್ತೆ 'ಸ್ಟೇರ್‌ವೇ' ಹಾಡಿಗೆ ಗಿಟಾರ್ ಇಟ್ಟು ನೋಡಿದೆ. ಎ ಮೈನರ್ ಇದ್ದದ್ದು ಜಿ ಮೈನರ್ ಆಗಿದೆ. ಶ್ರುತಿ ಇಳಿಸಿ ಹಾಡಿದ್ದಕ್ಕೆ ಇಷ್ಟು ಕುಣಿತ!

ಭಟ್ಟ: ಶೆಟ್ಟಿ, ನೀನು ಯಕ್ಷಗಾನ ನೋಡಿ ಬೆಳೆದವನೇ ಹೌದಾ? ನಮ್ಮೂರ ಭಾಗವತರು ಹರೆಯದಲ್ಲಿ ಹಾರ್ಮೋನಿಯಂನ ಕಪ್ಪು ಮೂರರ ಶ್ರುತಿಯಲ್ಲಿ ಹಾಡ್ತಿದ್ರು. ವಯಸ್ಸಾದ ಮೇಲೆ ಕಪ್ಪು ಒಂದಕ್ಕೆ ಬಂದ್ರು. ಆಟ ಕಳೆಗಟ್ಟಿದ್ದು ಆವಾಗಲೇ. ಝೆಪ್ಲಿನ್ ಗಾಯಕ ಪ್ಲಾಂಟ್‌ಗೆ ಅವತ್ತು 59 ವರ್ಷ. 23ರ ಹುಡುಗನ ಹಾಗೆ ಕಿರುಚಬೇಕಿತ್ತಾ? ಇನ್ನೊಂದು, ತೇಪೆ ಹಾಕೋರಾಗಿದ್ರೆ ಮೊದಲು ಶ್ರುತಿ ಏರಿಸ್ತಿದ್ರು. ಅದಕ್ಕೆ ಯಂತ್ರ ಇದೆಯಲ್ಲ! ಇಳಿದದ್ದು ಇಳಿದ ಹಾಗೇ ಇದೆ ಅಂದ್ರೇ ಗೊತ್ತಾಗಲ್ವಾ?
ಈಗ 'ಕಾಶ್ಮೀರ್' ಕೈಯಲ್ಲಿ ತಾಳ ಹಾಕ್ಕೊಂಡು ಕೇಳು. ಗಿಟಾರು ತಕಿಟ ತಕಿಟ ಅಂತ ಮೂರರಲ್ಲಿ ಹೋಗುತ್ತೆ, ಡ್ರಮ್ಮು ತಕಧಿಮಿ ಅಂತ ನಾಲ್ಕರಲ್ಲಿ. ಹನ್ನೆರಡಕ್ಕೆ ಎರಡೂ ಬಂದು ಸೇರುತ್ತೆ. ಜೇಸನ್ ಎಲ್ಲೂ ಓಡೋದಿಲ್ಲ, ಕೈಚಳಕ ತೋರಿಸೋದಿಲ್ಲ, ಆ ನಾಲ್ಕನ್ನ ಹಿಡಿದು ಕೂತಿದ್ದಾನೆ ಅಷ್ಟೇ. ಅಪ್ಪ ಮಾಡಿದ್ದೂ ಅದನ್ನೇ.

ಪ್ರಕಾಶ (ಅಡ್ಮಿನ್): ಇವರು ಕಾಶ್ಮೀರಕ್ಕೆ ಯಾವಾಗ ಹೋಗಿದ್ರು?

ವೀಣಾ: ಹೋಗೇ ಇಲ್ಲ. ಪ್ಲಾಂಟ್ ಬರೆದದ್ದು ಮೊರಾಕೊ ಮರುಭೂಮಿ ರಸ್ತೆ ನೋಡಿ.

ಶೆಟ್ಟಿ: ತಾಳ ಸರಿ ಇದೆ, ಒಪ್ಪಿದೆ. ಆದರೆ ಇದೆಲ್ಲ ದುಡ್ಡಿನ ಆಟ.

ವೀಣಾ: ಅವತ್ತಿನ ಕಾರ್ಯಕ್ರಮ ಅಹ್ಮೆತ್ ಎರ್ಟೆಗುನ್ ನೆನಪಿಗೆ. ಅಟ್ಲಾಂಟಿಕ್ ರೆಕಾರ್ಡ್ಸ್ ಕಟ್ಟಿದವರು, ಇವರನ್ನ ಬೆಳೆಸಿದವರು. ಹಣ ಹೋಗಿದ್ದು ಅವರ ಹೆಸರಿನ ವಿದ್ಯಾರ್ಥಿ ನಿಧಿಗೆ. ಆಮೇಲೆ ಪ್ರಪಂಚ ಸುತ್ತೋಣ ಅಂದ್ರೆ ಪ್ಲಾಂಟ್ ಒಲ್ಲೆ ಅಂದು ಗಾಯಕಿ ಆಲಿಸನ್ ಕ್ರೌಸ್ ಜೊತೆ ಹಾಡೋಕೆ ಹೋದ. ದುಡ್ಡಿನಾಸೆ ಇದ್ದವರು ಹಾಗೆ ಮಾಡ್ತಾರಾ?

ಶೆಟ್ಟಿ: ಮತ್ತೆ 2012ರ ಡಿವಿಡಿ ದುಡ್ಡು?

(ಯಾರೂ ಉತ್ತರ ಕೊಡಲಿಲ್ಲ.)

ಮಂಜ: ಲೋ ಶೆಟ್ಟಿ, 2003ರಲ್ಲಿ ಪ್ಯಾಲೇಸ್ ಗ್ರೌಂಡ್ಸಿಗೆ ರೋಲಿಂಗ್ ಸ್ಟೋನ್ಸ್ ಬಂದಾಗ ಮಳೇಲಿ ನೆನೆದು, ಕೆಸರಲ್ಲಿ ಒಂದು ಚಪ್ಪಲಿ ಕಳ್ಕೊಂಡು ಕುಣಿದೆಯಲ್ಲ. ಆಗ ಅವರ ಹಳೇ ಸದಸ್ಯ ಬ್ರಯನ್ ಜೋನ್ಸ್ ಎಲ್ಲಿದ್ದ? ಬಿಲ್ ವೈಮನ್ ಎಲ್ಲಿದ್ದ?

ಶೆಟ್ಟಿ: ಅದು ಬೇರೆ.

ಮಂಜ: ಹೇಗೆ ಬೇರೆ?

ಶೆಟ್ಟಿ: ಬೇರೆ ಅಂದ್ರೆ ಬೇರೆ. ಭಟ್ಟ, ಅಷ್ಟೆಲ್ಲ ತಾಳ ಹೇಳ್ತೀಯಲ್ಲ, ಹಾಸ್ಟೆಲಲ್ಲಿ ತಗೊಂಡು ಹೋದ ಝೆಪ್ಲಿನ್ನರ ಆಲ್ಬಂ 'ಫಿಸಿಕಲ್ ಗ್ರಾಫಿಟಿ' ತುಂಬಿಸಿದ ನನ್ನ ಕ್ಯಾಸೆಟ್ ಎಲ್ಲಿ?

ಭಟ್ಟ: (ಫೋಟೊ)

ವೀಣಾ: ಅಯ್ಯೋ, ಟಿಡಿಕೆ 90! ಲೇಬಲ್ ಮೇಲೆ ಶೆಟ್ಟಿಯ ಕಾಗೆ ಅಕ್ಷರ!

ಶೆಟ್ಟಿ: ನಾಳೆಯೇ ಕೊರಿಯರ್ ಮಾಡು.

ಭಟ್ಟ: ಮಾಡ್ತೇನೆ. ಒಂದು ವಿಷಯ ಮಾತ್ರ. ಎ ಸೈಡ್ ಕೊನೆಗೆ 'ಕಾಶ್ಮೀರ್' ಅರ್ಧಕ್ಕೇ ನಿಲ್ಲುತ್ತೆ. ಅಪ್ಪಯ್ಯ ಗೊತ್ತಿಲ್ಲದೆ ಅದರ ಮೇಲೇ ತಾಳಮದ್ದಲೆ ರೆಕಾರ್ಡ್ ಮಾಡಿಬಿಟ್ಟಿದ್ದಾರೆ.

ಪ್ರಕಾಶ (ಅಡ್ಮಿನ್): 😂😂😂

ಶೆಟ್ಟಿ: ಯಾವ ಪ್ರಸಂಗ?

ಭಟ್ಟ: ಕರ್ಣಪರ್ವ.

ಶೆಟ್ಟಿ: ಸರಿ, ಅದನ್ನ ಅಳಿಸಬೇಡ. ಹಾಗೇ ಕಳಿಸು.