ಸರ್ವಿಸ್ ಬಿಟ್ಟ ಹಳೇ ಬೈಕ್ ತಗೋಬಹುದಾ? ತಗೊಂಡವರು, ರಿಪೇರಿ ಮಾಡೋರು ಹೇಳಿದ್ದು

ಅಣ್ಣಿಗೇರಿಯಿಂದ ಪ್ರಶ್ನೆ:
ನಮ್ಮ ತಮ್ಮಗ ಹುಬ್ಬಳ್ಳಿಯೊಳಗ ಕೆಲಸ ಸಿಕ್ಕೈತ್ರಿ. ದಿನಾ ಹೋಗಿ ಬರಬೇಕು. ಪರಿಚಯದವರ ಕಡೆ 2014ರ ಮಾಡೆಲ್ 100 ಸಿಸಿ ಗಾಡಿ ಐತಿ, 22 ಸಾವಿರ ಹೇಳ್ತಾರ. ಎರಡು ವರ್ಷ ಆತು ಸರ್ವಿಸ್ ಮಾಡಿಸಿಲ್ಲ. "ಇಂಜಿನ್ ಮುಟ್ಟಿಲ್ಲ, ಆಯಿಲ್ ಚೇಂಜ್ ಮಾಡಿದ್ರ ಸಾಕು" ಅಂತಾರ. ಗೊತ್ತಿದ್ದವರು ನಿಮ್ಮ ಅನುಭವ ಹೇಳ್ರಿ.

ಹುಬ್ಬಳ್ಳಿಯಿಂದ, ಗ್ಯಾರೇಜ್ ನಡಸೋರು:
ಅಕ್ಕಾರ, ದಿನಾ ಇದ ಕೆಲಸ ಮಾಡ್ತೇನಿ, ಅದಕ್ಕ ಸ್ವಲ್ಪ ಉದ್ದ ಬರಿತೇನಿ. "ಇಂಜಿನ್ ಮುಟ್ಟಿಲ್ಲ" ಅನ್ನೋ ಒಂದು ಮಾತಿಗೇ ಭಾಳ ಮಂದಿ ರೊಕ್ಕ ಕೊಟ್ಟುಬಿಡ್ತಾರ. ಇಂಜಿನ್ ಕೆಟ್ರ ಗಾಡಿ ದಾರ್ಯಾಗ ನಿಲ್ಲತೈತಿ, ನೂಕ್ಕೊಂಡು ಮನಿಗೆ ಬರಬಹುದು. ಬ್ರೇಕು, ಟೈರು, ಕೋನ್ ಸೆಟ್ (ಹ್ಯಾಂಡಲ್ ತಿರುಗೋ ಬೇರಿಂಗ್), ಚೈನು ಕೆಟ್ಟಿದ್ರ ಹತ್ತಿದವರನ್ನ ಕೆಡವತೈತಿ. ಸರ್ವಿಸ್ ತಪ್ಪಿದ ಗಾಡ್ಯಾಗ ಇವು ಹಾಳಾಗಿದ್ದು ಹೊರಗಿಂದ ಕಾಣೂದಿಲ್ಲ, ತೊಳದು ಪಾಲಿಶ್ ಹೊಡದ್ರಂತೂ ಇನ್ನೂ ಕಾಣೂದಿಲ್ಲ.

ಹಿಂದಿನ ಗಾಲಿ ಕಡೆ ಕುಕ್ಕರಗಾಲಿನಾಗ ಕೂತು ಬ್ರೇಕ್ ರಾಡ್ ನೋಡ್ರಿ. ಅದರ ತುದಿಗೆ ಅಡ್ಜಸ್ಟ್ ಮಾಡೋ ನಟ್ ಇರತೈತಿ. ಥ್ರೆಡ್ ಮುಗಿಯೋತನಕ ಆ ನಟ್ ಬಿಗಿ ಮಾಡಿದ್ರ, ಡ್ರಮ್ (ಗಾಲಿ ನಡುವಿನ ಬ್ರೇಕ್ ಡಬ್ಬಿ) ಒಳಗ ಲೈನರ್, ಅಂದ್ರ ಉಜ್ಜಿ ಗಾಲಿ ನಿಲ್ಲಸೋ ಪಟ್ಟಿ, ಉಳಿದಿಲ್ಲ ಅಂತ ತಿಳೀರಿ. ಹೋದ ಮಳಿಗಾಲದಾಗ ಒಬ್ಬ ಹುಡುಗ ಇಂಥಾದ್ದ ಗಾಡಿ ತಗೊಂಡು ಬಂದಿದ್ದ. ಬ್ರೇಕ್ ಒತ್ತಿದ್ರ ಕರ್ ಅಂತ ಸಪ್ಪಳ ಬರತೈತಿ ಅಂದ. ಗಾಲಿ ಬಿಚ್ಚಿದ್ರ ಲೈನರ್ ಪೂರ್ತಿ ಸವದು, ಅದು ಕೂತಿರೋ ಶೂ ಡ್ರಮ್‌ನ್ನ ಕೊರದು ಗೀರು ಮಾಡಿತ್ತು. ಮಾರಿದವರು ಸಪ್ಪಳ ಕೇಳಿಸದಿರಲಿ ಅಂತ ಒಳಗ ಆಯಿಲ್ ಬಿಟ್ಟಿದ್ರು. ಬ್ರೇಕಿಗೆ ಆಯಿಲ್! ಈಗಲೂ ನೆನಸಿಕೊಂಡ್ರ ಸಿಟ್ಟು ಬರತೈತಿ.

2014ರ 100 ಸಿಸಿ ಗಾಡಿ ಅಂದ್ರ ಸಾಮಾನ್ಯವಾಗಿ ಎರಡೂ ಕಡೆ ಡ್ರಮ್ ಬ್ರೇಕ್. 2019ರ ಏಪ್ರಿಲ್‌ನಿಂದ ಸಣ್ಣ ಗಾಡಿಗೆ ಕಡ್ಡಾಯ ಆದ ಸಿಬಿಎಸ್ (ಒಂದು ಬ್ರೇಕ್ ಹಿಡದ್ರ ಎರಡೂ ಗಾಲಿಗೆ ಹಿಡಿಯೋ ವ್ಯವಸ್ಥೆ) ಇದರಾಗ ಸಿಗೂದು ಕಡಿಮಿ. ಹಿಂಗಾಗಿ ಮುಂದಿಂದು, ಹಿಂದಿಂದು ಬ್ಯಾರೆ ಬ್ಯಾರೆ ಹಿಡದು ನೋಡಬೇಕು.

ಟೈರಿನ ಸೈಡಿಗೆ ಸಣ್ಣ ಗೂಡಿನ್ಯಾಗ ನಾಲ್ಕು ಅಂಕಿ ಇರತಾವು. 1814 ಅಂತಿದ್ರ 2014ರ 18ನೇ ವಾರದಾಗ ಮಾಡಿದ್ದು. ಅಂಥಾ ಟೈರಿನ ಗುಂಡಿ ಎಷ್ಟ ಚಂದ ಇರಲಿ, ರಬ್ಬರ್ ಬಿರುಸಾಗಿ ಒದ್ದಿ ರಸ್ತೆ ಮ್ಯಾಲೆ ಹಿಡತ ಇರೂದಿಲ್ಲ. ಆಮ್ಯಾಲೆ ಡಬಲ್ ಸ್ಟ್ಯಾಂಡ್ ಹಾಕಿ, ಹಿಂದ ಒಬ್ಬರನ್ನ ಕೂಡಿಸಿ ಮುಂದಿನ ಗಾಲಿ ಎಬ್ಬಿಸ್ರಿ. ಹ್ಯಾಂಡಲ್ ಮೆಲ್ಲಕ ತಿರುಗಿಸಿದಾಗ ನಡುವ ಕಟಕ್ ಅಂತ ಹಿಡದ್ರ ಕೋನ್ ಸೆಟ್ ಹೋಗೈತಿ. ಚೈನ್ ಕವರಿನ ರಬ್ಬರ್ ಮುಚ್ಚಳ ತಗದು ಒಳಗೂ ನೋಡ್ರಿ. ಜೋಲು ಬಿದ್ದ ಚೈನು ಓಡೂಮುಂದ ಕಳಚಿದ್ರ ಹಿಂದಿನ ಗಾಲಿ ಜಾಮ್ ಆಗಬಹುದು.

ಗದಗದಿಂದ:
ನಮ್ಮ ಕಡೆ ಎರಿ ಹೊಲ. ಮಳ್ಯಾಗ ಆ ಮಣ್ಣು ಮಡ್‌ಗಾರ್ಡಿಗೆ ಮೆತ್ತಿ, ಒಣಗಿದಮ್ಯಾಲೂ ಒಳಗ ಪಸಿ ಇಟ್ಟುಕೊಂಡಿರತೈತಿ, ಕಬ್ಬಿಣ ತಿಂತೈತಿ. ಹೊಲಕ್ಕ ಗೊಬ್ಬರದ ಚೀಲ ಹೊತ್ತ ಗಾಡಿ ಆಗಿದ್ರ ಹಿಂದಿನ ಶಾಕ್ ಅಬ್ಸಾರ್ಬರ್, ಸ್ವಿಂಗ್ ಆರ್ಮ್ (ಹಿಂದಿನ ಗಾಲಿ ಹಿಡದಿರೋ ತೋಳು) ಬುಶ್ ಎರಡೂ ನೋಡ್ರಿ. ಬಿದ್ದು ಚಾಸಿ (ಗಾಡಿ ಚೌಕಟ್ಟು) ಬೆಂಡ್ ಆಗೈತೇನ ತಿಳಿಯಾಕ, ಗಾಲಿ ಒದ್ದಿ ಮಾಡಿ ಒಣ ನೆಲದಾಗ ನೆಟ್ಟಗ ನೂಕ್ರಿ. ಎರಡು ಗಾಲಿ ಗುರುತು ಒಂದರ ಮ್ಯಾಲೆ ಒಂದು ಬೀಳದ ಪಕ್ಕಕ್ಕ ಸರದು ಬಿದ್ರ ಆ ಗಾಡಿ ಬ್ಯಾಡ.

ಹಾವೇರಿಯಿಂದ:
ಗಾಡಿ ಕೆಡಿಸಿಕೊಂಡವರು ಪೇಪರ್ಸೂ ಬಿಟ್ಟಿರತಾರ, ಇದು ನಾನು ಕಂಡದ್ದು. ನಮ್ಮ ಅಳಿಯ ತಗೊಂಡ ಗಾಡಿಗೆ ಇನ್ಶೂರೆನ್ಸ್ ಮುಗದು ಭಾಳ ದಿನ ಆಗಿತ್ತು, ಆರ್‌ಸಿಯೊಳಗ ಫೈನಾನ್ಸ್ ಹೆಸರು ಹಂಗ ಇತ್ತು. ಸಾಲ ತೀರಿದ್ರೂ ಫೈನಾನ್ಸದವರ ಎನ್‌ಒಸಿ (ಬಾಕಿ ಇಲ್ಲ ಅನ್ನೋ ಪತ್ರ), ಫಾರ್ಮ್ 35 (ಸಾಲ ಮುಗೀತು ಅನ್ನೋ ಅರ್ಜಿ) ಇಲ್ಲದ ಆ ಹೆಸರು ತಗಸಾಕ ಬರೂದಿಲ್ಲ. ಗಾಡಿ ನಂಬರ್ ಹಾಕಿ ಸರ್ಕಾರದ ಪರಿವಾಹನ್ ವೆಬ್‌ಸೈಟ್‌ನ್ಯಾಗ ಮೊದಲ ನೋಡಿಕೊಳ್ರಿ. ಫಾರ್ಮ್ 29, 30ಕ್ಕ ಸಹಿ ತಗೊಂಡು 30 ದಿನದೊಳಗ ಹೆಸರು ಬದಲಿಸಾಕ ಕೊಡಬೇಕು. ಆರ್‌ಸಿ 15 ವರ್ಷಕ್ಕ ಇರತೈತಿ, ಅಂದ್ರ ಈ ಗಾಡಿಗೆ 2029ರತನಕ. ಆಮ್ಯಾಲೆ ಓಡಸಬೇಕಂದ್ರ ಆರ್‌ಟಿಒದಾಗ ಗಾಡಿ ತೋರಿಸಿ ಪಾಸ್ ಮಾಡಿಸಬೇಕು. ತುಕ್ಕು ಹಿಡದ ಚಾಸಿ ನಂಬರ್ ಒರಸಿ ಆರ್‌ಸಿ ಜೋಡಿ ತಾಳೆ ಹಾಕ್ರಿ.

ಅಣ್ಣಿಗೇರಿಯಿಂದ:
ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಹಂಗಾದ್ರ ಬಿಟ್ಟು ಬಿಡೂದ ಚಲೋನಾ, ಇಲ್ಲಾ ರಿಪೇರಿ ಮಾಡಿಸಿದ್ರ ನಡೀತೈತಾ?

ಹುಬ್ಬಳ್ಳಿಯಿಂದ, ಗ್ಯಾರೇಜ್ ನಡಸೋರು:
ಚಾಸಿ ನೆಟ್ಟಗಿದ್ದು, ಪೇಪರ್ ಸ್ವಚ್ಛ ಇದ್ದು, ನೀಲಿ ಹೊಗಿ ಇಲ್ಲಂದ್ರ ತಗೋಬಹುದ್ರಿ. ಎಕ್ಸಲೇಟರ್ ಕೊಟ್ಟಾಗ ನೀಲಿ ಹೊಗಿ ಬಂದ್ರ ಆಯಿಲ್ ಸುಡಾಕತ್ತೈತಿ, ಬೋರ್ ಕೆಲಸ (ಇಂಜಿನ್ ಬಿಚ್ಚಿ ಸಿಲಿಂಡರ್ ರಿಪೇರಿ) ಬೀಳತೈತಿ. ಅದಕ್ಕ ಆಯಿಲ್ ಚೇಂಜ್ ಸಾಲೂದಿಲ್ಲ, ಅಂಥಾ ಗಾಡಿ ಬಿಟ್ಟುಬಿಡ್ರಿ. ಉಳಿದದ್ದು ಆಗೂ ಕೆಲಸ. ಎರಡು ಟೈರು, ಎರಡೂ ಕಡೆ ಬ್ರೇಕ್ ಶೂ, ಚೈನ್ ಸ್ಪ್ರಾಕೆಟ್, ಕೋನ್ ಸೆಟ್, ಕೇಬಲ್ ಇವಕ್ಕೆಲ್ಲಾ ಎಷ್ಟಾಗತೈತಿ ಅಂತ ನಿಮ್ಮೂರ ಮೇಸ್ತ್ರಿ ಕಡೆ ಚೀಟಿ ಬರಸ್ರಿ. ಅಡ್ವಾನ್ಸ್ ಕೊಡೂಕಿಂತ ಮೊದಲ ಆ ಚೀಟಿ ಅವರ ಮುಂದಿಟ್ಟು 22ರಾಗ ಕಡಿಮಿ ಮಾಡಸ್ರಿ. ಈ ಕೆಲಸ ಆಗೋತನಕ ತಮ್ಮ ಬಸ್ಸಿಗೇ ಓಡಾಡಲಿ. ಗದಗ ರೋಡಿನಾಗ ಲಾರಿ ಹಿಂದ ಹಿಡೀದ ಬ್ರೇಕ್ ಇಟ್ಟುಕೊಂಡು ಒಂದು ದಿನಾನೂ ಹೋಗಬಾರದು.

ನೋಡಾಕ ಮುಂಜಾನೆ ಲಗೂ ಹೋಗ್ರಿ, ಬರ್ತೇವಿ ಅಂತ ಫೋನ್ ಮಾಡಿದ್ರ ಮೊದಲ ಸ್ಟಾರ್ಟ್ ಮಾಡಿ ಇಟ್ಟಿರತಾರ. ಬಿಸಿ ಇಂಜಿನ್ ಲಗೂ ಸ್ಟಾರ್ಟ್ ಆಗತೈತಿ, ತಣ್ಣಗಿದ್ದಾಗಿನ ತೊಂದರಿ ಕಾಣೂದಿಲ್ಲ. ಕಿಕ್ ಹೊಡಿಯೋಕಿಂತ ಮೊದಲ ಇಂಜಿನ್ ಹತ್ರ ಕೈ ಒಯ್ದು ನೋಡ್ರಿ. ಬಿಸಿ ಇದ್ರ, ತಣ್ಣಗಾದಮ್ಯಾಲೆ ಬರ್ತೇವಿ ಅಂತ ಹೇಳಿ ಬಂದುಬಿಡ್ರಿ.