ಹಲ್ಲು ಕಿತ್ತ ಜಾಗದಲ್ಲಿ ಹಳದಿ ಗಾಜ್ ಬಟ್ಟೆ: ಇದು ಲ್ಯಾಬಿನ ಅಯೊಡೊಫಾರ್ಮೇನಾ?

ಪ್ರಶ್ನೆ: ದವಡೆ ಹಲ್ಲು ಕೀಳಿಸಿದ ಮೇಲೆ ನೋವು ಇಳಿಯುವ ಬದಲು ಕಿವಿವರೆಗೂ ಎಳೆಯಲು ಶುರುವಾಯಿತು. ಡಾಕ್ಟರು ಡ್ರೈ ಸಾಕೆಟ್ ಅಂದು ಗುಳಿಯೊಳಗೆ ಹಳದಿ ಗಾಜ್ ಬಟ್ಟೆ ತುರುಕಿ ಕಳಿಸಿದರು. ನೋವೇನೋ ಇಳಿಯಿತು, ಆದರೆ ನೀರು ಕುಡಿದರೂ ಅದೇ ಆಸ್ಪತ್ರೆ ವಾಸನೆ. ಕೇಳಿದ್ದಕ್ಕೆ ಅಯೊಡೊಫಾರ್ಮ್ ಅಂದರು. ಕೆಮಿಸ್ಟ್ರಿ ಲ್ಯಾಬಿನಲ್ಲಿ ಟೆಸ್ಟ್ ಟ್ಯೂಬಿನ ತಳಕ್ಕೆ ಹಳದಿ ಪುಡಿ ಕೂರುತ್ತಿತ್ತಲ್ಲ, ಅದೇನಾ ಇದು? ಗಾಯಕ್ಕೆ ಹಚ್ಚುವ ಕಂದು ಬಣ್ಣದ ಪೊವಿಡೋನ್ ಅಯೋಡಿನ್ ಇರುವಾಗ ಇದ್ಯಾಕೆ?

ಉತ್ತರ 1: ಅದೇ ಸ್ವಾಮಿ. ಒಂದು ಕಾರ್ಬನ್, ಒಂದು ಹೈಡ್ರೋಜನ್, ಮೂರು ಅಯೋಡಿನ್. ತೂಕದಲ್ಲಿ ಸುಮಾರು 97% ಬರೀ ಅಯೋಡಿನ್ನೇ! ಎಥನಾಲ್‌ಗೋ ಅಸಿಟೋನ್‌ಗೋ ಅಯೋಡಿನ್, ಕಾಸ್ಟಿಕ್ ಸೋಡಾ ಹಾಕಿದರೆ ಹಳದಿ ಹರಳು ಇಳಿಯುತ್ತದೆ, ಮೆಥನಾಲ್‌ಗೆ ಇಳಿಯಲ್ಲ. ಗಟ್ಟಿ ಪದಾರ್ಥವಾದರೂ ಬಿಸಿ ಮಾಡದೆಯೇ ಸ್ವಲ್ಪ ಸ್ವಲ್ಪ ಆವಿಯಾಗುತ್ತಿರುತ್ತದೆ, ಅದಕ್ಕೇ ಮೂಗು ಬಿಡುವುದಿಲ್ಲ.

ಉತ್ತರ 2: ಹಲ್ಲಿನ ಡಾಕ್ಟರ್ ಕಡೆಯಿಂದ ಹೇಳುತ್ತೇನೆ. ಪೊವಿಡೋನ್ ಅಯೋಡಿನ್ ನೀರಿನಲ್ಲಿ ಕರಗುತ್ತದೆ, ಎಂಜಲಿನ ಜೊತೆ ಕೊಚ್ಚಿಕೊಂಡು ಹೋಗುತ್ತದೆ. ಚರ್ಮ ಒರೆಸಲು ಅದು ಸರಿ, ಗುಳಿ ತುಂಬಲು ಆಗಲ್ಲ. ಅಯೊಡೊಫಾರ್ಮ್ ನೀರಿನಲ್ಲಿ ಕರಗುವುದೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಇಟ್ಟ ಜಾಗದಲ್ಲೇ ಕೂತು ನಿಧಾನಕ್ಕೆ ಕೀಟಾಣು ತಡೆಯುವ ಕೆಲಸ ಮಾಡುತ್ತದೆ. ಅಂದಹಾಗೆ, ನಿಮ್ಮ ನೋವು ಇಳಿಸಿದ್ದು ಬಹುಶಃ ಇದಲ್ಲ. ಡ್ರೈ ಸಾಕೆಟ್‌ನಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿಹೋಗಿ ಮೂಳೆ ಬಯಲಾಗಿರುತ್ತದೆ, ನೋವು ಅದರದ್ದು. ಅದಕ್ಕೆ ಇಂಥ ಗಾಜ್‌ಗೆ ಸಾಮಾನ್ಯವಾಗಿ ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಕೂಡ ಸೇರಿಸುತ್ತೇವೆ. ಅಯೊಡೊಫಾರ್ಮ್ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ, ಹಾಲುಹಲ್ಲಿನ ಬೇರಿಗೆ ತುಂಬುವ ಪೇಸ್ಟಿನಲ್ಲೂ ಇದನ್ನು ಬಳಸುವುದಕ್ಕೆ ಅದೂ ಒಂದು ಕಾರಣ.

ಉತ್ತರ 3: ಎಲ್ಲರೂ ಹೊಗಳುತ್ತಿದ್ದೀರಿ, ಸ್ವಲ್ಪ ನಿಲ್ಲಿ. 19ನೇ ಶತಮಾನದ ಕೊನೆಯಲ್ಲಿ ದೊಡ್ಡ ದೊಡ್ಡ ಗಾಯಕ್ಕೆ ಈ ಪುಡಿಯನ್ನು ಸುರಿದು, ಅದು ಮೈಗೇರಿ, ರೋಗಿಗಳು ಏನೇನೋ ಬಡಬಡಿಸಿದ್ದುಂಟು, ಸತ್ತದ್ದೂ ಉಂಟು. ಹಲ್ಲಿನ ಗುಳಿಯಲ್ಲಿ ಇರುವುದು ಚೂರೇ ಚೂರು, ಸುಮ್ನೆ ಹೆದರಬೇಡಿ. ಆದರೆ ಅಯೋಡಿನ್ ಅಲರ್ಜಿಯೋ ಥೈರಾಯ್ಡ್ ತೊಂದರೆಯೋ ಇದ್ದರೆ ಡಾಕ್ಟರಿಗೆ ಹೇಳಿದ್ದೀರಾ? ತುರಿಕೆ, ಊತ ಬಂದರೆ ತಕ್ಷಣ ಹೋಗಿ.

ಪ್ರಶ್ನೆ ಕೇಳಿದವರು: ಅಲರ್ಜಿ ಇಲ್ಲ. ವಾಸನೆ ತಡೆಯೋಕಾಗದೆ ನಾನೇ ಎಳೆದು ತೆಗೆಯೋಣ ಅಂತಿದ್ದೆ.

ಉತ್ತರ 2: ಬೇಡ ಮಾರಾಯ್ರೇ! ಹಾಗೇ ಬಿಟ್ಟರೂ ಆಗಲ್ಲ, ಅದು ಒಳಗೇ ಕರಗಿಹೋಗುವ ಬಟ್ಟೆ ಅಲ್ಲ. ಹೇಳಿದ ದಿನಕ್ಕೆ ಹೋಗಿ ಬದಲಾಯಿಸಿಕೊಳ್ಳಿ ಇಲ್ಲವೇ ತೆಗೆಸಿಕೊಳ್ಳಿ.