ಅಪ್‌ಡೇಟ್: ಹಂದಿಗಳು ಬಾಲ ಕಚ್ಚೋದು ನಿಂತಿದೆ
ಹನ್ನೆರಡು ದಿನದ ಹಿಂದೆ ಕೇಳಿದ್ದೆ: ಪೊನ್ನಂಪೇಟೆ ಹತ್ತಿರ ನಮ್ಮ ಗೂಡಲ್ಲಿ 14 ಹಂದಿ, ಮಳೆ ಹಿಡಿದಾಗಿನಿಂದ ಒಂದರ ಬಾಲ ಇನ್ನೊಂದು ರಕ್ತ ಬರೋ ಹಾಗೆ ಕಚ್ತಿವೆ, ಏನು ಮಾಡಲಿ ಅಂತ.

ಬೇವಿನೆಣ್ಣೆ ಹಚ್ಚಿದೆ. ಗಾಯಕ್ಕೆ ನೊಣ ಕೂರೋದು ತಪ್ಪಿತು, ಕಚ್ಚೋದು ತಪ್ಪಲಿಲ್ಲ. ನೇತುಹಾಕಿದ ಸರಪಳಿ ಎರಡೇ ದಿನಕ್ಕೆ ಅವಕ್ಕೆ ಬೇಜಾರಾಯ್ತು. ಕೈ ಹಿಡಿದದ್ದು ಭತ್ತದ ಹುಲ್ಲು. ಹೇಳಿದ ಅಕ್ಕನಿಗೆ ತುಂಬಾ ಥ್ಯಾಂಕ್ಸ್. ದಿನಾ ಬೆಳಿಗ್ಗೆ ಎರಡು ಕಟ್ಟು ಬಿಡಿಸಿ ಹಾಕ್ತೀನಿ. ಮೂತಿ ತೂರಿಸಿ ಕೆದಕಿ, ಬಾಯಲ್ಲಿ ಕಚ್ಚಿಕೊಂಡು ಮೂಲೆಗೆ ಒಯ್ದು ಹಾಸಿಗೆ ಮಾಡ್ಕೊಳ್ತವೆ. ಜಾಸ್ತಿ ಕಚ್ಚುತ್ತಿದ್ದ ಒಂದನ್ನ ಬೇರೆ ಗೂಡಿಗೆ ಹಾಕಿದೆ.

ನನಗೆ ಹೊಳೆಯದೇ ಇದ್ದದ್ದು ಇನ್ನೊಂದು. ಇರಚಲು ಹೊಡೆಯುತ್ತೆ ಅಂತ ನಾನೇ ಸುತ್ತಲೂ ಟಾರ್ಪಾಲ್ ಬಿಗಿದಿದ್ದೆ. ದನದ ಡಾಕ್ಟರು ಬಂದು, "ಅವುಗಳ ಮೂಗಿನ ಎತ್ತರಕ್ಕೆ ಕೂತು ನೋಡಿ" ಅಂದ್ರು. ಕುಕ್ಕರಗಾಲಲ್ಲಿ ಕೂತೆ. ಉಚ್ಚೆ-ಸಗಣಿಯಿಂದ ಏಳೋ ಅಮೋನಿಯಾ ಗಾಳಿ ಹೊರಗೆ ಹೋಗದೆ ಒಳಗೇ ನಿಂತಿತ್ತು, ಕಣ್ಣುರಿದು ನೀರು ಬಂತು. ಪಾಪ, ಅವು ಹಗಲು ರಾತ್ರಿ ಅದರಲ್ಲೇ ಇದ್ದವು. ಮೇಲಿನ ಎರಡಡಿ ಟಾರ್ಪಾಲ್ ಅವತ್ತೇ ಬಿಚ್ಚಿದೆ.

ಬಾಲ ಕತ್ತರಿಸಿ ಅಂದವರ ಮಾತು ಕೇಳಲಿಲ್ಲ. ಯುರೋಪ್ ಒಕ್ಕೂಟದ 2008ರ ನಿಯಮದ ಪ್ರಕಾರವೂ ವಾಡಿಕೆಯಾಗಿ ಬಾಲ ಕತ್ತರಿಸುವಂತಿಲ್ಲ, ಮೊದಲು ಗೂಡಿನ ಸ್ಥಿತಿ ಸರಿ ಮಾಡಬೇಕು.

ಐದು ದಿನದಿಂದ ಹೊಸ ಗಾಯ ಇಲ್ಲ.